ಒಂದು ಸಾಲು ಮೇಲೆ

"ಹದಿನಾಲ್ಕನೇ ಲೈನ್ ಎಲ್ಲಿ ಹೋಯ್ತು ಯಾರ್ಡ್ ಮಾಸ್ಟ್ರೇ? ಹೇಳಿ, ನಂಗೂ ಗೊತ್ತಾಗ್ಲಿ."

ತಂಗಿಯ ನೋಟ್‌ಬುಕ್ಕನ್ನು ಅವರ ಊಟದ ಡಬ್ಬಿಯ ಪಕ್ಕಕ್ಕೆ ತಳ್ಳಿದೆ. ಅವರು ಅದರತ್ತ ಕಣ್ಣೂ ಹಾಯಿಸಲಿಲ್ಲ. ಬಾಯಲ್ಲಿದ್ದ ತುತ್ತು ನುಂಗಿ, ಕೈ ಒರೆಸಿಕೊಂಡು, ಗೋಡೆಯ ಗಡಿಯಾರ ನೋಡಿದರು. ಒಂದು ಗಂಟೆ ಹತ್ತು ನಿಮಿಷ.

"ಅಕ್ಕಾವ್ರೇ, ಮೂರು ಗಂಟೆಗೆ ವಿಚಾರಣೆ ಇದೆಯಲ್ಲ, ಅಲ್ಲಿ ಕೇಳಿ ಇದನ್ನೆಲ್ಲ. ಊಟ ಮಾಡೋಕಾದ್ರೂ ಬಿಡಿ."

ಊಟವಂತೆ! ಹೋದ ಸೋಮವಾರ ಬೆಳಿಗ್ಗೆ ಇದೇ ರೈಲ್ವೆ ಯಾರ್ಡಿನ ಏಳನೇ ಲೈನಿನಲ್ಲಿ ವ್ಯಾಗನ್ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಗ್ರೀಸ್ ಮಾಮ ಬಲಗಾಲು ಕಳೆದುಕೊಂಡ. ಏಳನೇ ಲೈನ್ ಖಾಲಿ ಇದೆ, ಎಂಜಿನ್ ಬಿಡಿ ಎಂದು ಕಂಟ್ರೋಲ್ ರೂಮಿನಿಂದ ಆದೇಶ ಕೊಟ್ಟವಳು ನನ್ನ ತಂಗಿ. ಪರದೆಯ ಮೇಲೆ 'ಖಾಲಿ' ಎಂದೇ ಇತ್ತು ಎನ್ನುತ್ತಾಳೆ ಅವಳು. 'ಕೆಲಸ ನಡೆದಿದೆ' ಎಂದಿತ್ತು, ಅವಳು ಕಣ್ಣು ಬಿಟ್ಟು ನೋಡಲಿಲ್ಲ ಎನ್ನುತ್ತಾರೆ ಈ ಮಹಾನುಭಾವರು. ಮೂರು ಗಂಟೆಗೆ ಇವರ ಮಾತು ಗೆದ್ದರೆ ತಂಗಿಯ ಕೆಲಸ ಹೋಗುತ್ತದೆ, ಸಂಜೆಯೊಳಗೆ ಪೊಲೀಸರು ಬಂದು ಕರೆದುಕೊಂಡು ಹೋಗುತ್ತಾರೆ.

ಈ ಕಂಟ್ರೋಲ್ ರೂಮಿನ ಪರದೆಗಳನ್ನು ಇಪ್ಪತ್ತೊಂಬತ್ತು ವರ್ಷ ನೋಡಿಕೊಂಡವಳು ನಾನು. ಪರದೆ ಅಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ನಿವೃತ್ತಿಯಾಗಿ ಎರಡು ವರ್ಷವಾಯಿತು. ತಂಗಿಯ ಪರವಾಗಿ ಮಾತಾಡಲು ವಿಚಾರಣೆಯ ಸಾಹೇಬರು ನನಗೆ ಒಪ್ಪಿಗೆ ಕೊಟ್ಟ ದಿನದಿಂದ ಯಾರ್ಡ್ ಮಾಸ್ಟರಿಗೆ ನನ್ನ ಮುಖ ಕಂಡರೆ ಆಗುವುದಿಲ್ಲ.

"ಊಟ ಮಾಡಿ, ಯಾರು ಬೇಡ ಅಂದ್ರು? ತಿನ್ನೋಕೆ ಬಾಯಿ ಸಾಕು, ಕಣ್ಣು ಇತ್ತ ಇರ್ಲಿ," ಎಂದೆ. "ಇದು ಸೋಮವಾರದ ಪುಟ."

ಪಾಳಿಗೆ ಬಂದವರು ಕುರ್ಚಿಯಲ್ಲಿ ಕೂತ ತಕ್ಷಣ ಪರದೆಯ ಮೇಲಿರುವ ಹದಿನಾಲ್ಕು ಲೈನುಗಳ ಸ್ಥಿತಿಯನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳಬೇಕು. ಒಮ್ಮೆ ಕರೆಂಟು ಹೋಗಿ ಇಡೀ ಯಾರ್ಡ್ ಕುರುಡಾಗಿ ಕೂತ ದಿನದಿಂದ ನಡೆದು ಬಂದ ಪದ್ಧತಿ ಅದು. ಬೇರೆಯವರು ಗೀಚಿ ಬಿಸಾಕುತ್ತಾರೆ. ನನ್ನ ತಂಗಿ ಚಿತ್ರ ಬಿಡಿಸುವಂತೆ ಬರೆಯುತ್ತಾಳೆ. ಅಕ್ಷರ ಎಲ್ಲಿದೆಯೋ ಅಲ್ಲೇ, ಚುಕ್ಕೆ ಎಲ್ಲಿದೆಯೋ ಅಲ್ಲೇ. ಚಿಕ್ಕಂದಿನಿಂದಲೂ ಅವಳದು ಅದೇ ಚಾಳಿ. ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಜಡೆ ಹಾಕಿ, ಮಗ್ಗಿ ಹೇಳಿಕೊಟ್ಟು ಬೆಳೆಸಿದವಳು ನಾನು. ನನಗೆ ಗೊತ್ತಿಲ್ಲವೇ?

"ಹದಿಮೂರರ ಮುಂದೆ ಏನು ಬರ್ದಿದೆ, ಓದಿ."

ಯಾರ್ಡ್ ಮಾಸ್ಟರ್ ಬೇಸರದಿಂದ ಬಗ್ಗಿದರು. "ಮುಚ್ಚಿದೆ."

"ಹದಿಮೂರು ಎಂದಾದ್ರೂ ಮುಚ್ಚಿತ್ತಾ?"

"ಇಲ್ಲ. ಹದಿನಾಲ್ಕು ಮುಚ್ಚಿರೋದು. ಅದರ ಹಳಿ ಕಿತ್ತು ಹತ್ತು ವರ್ಷ ಆಯ್ತು."

"ಹಾಗಾದ್ರೆ ಹದಿನಾಲ್ಕರ ಮುಂದೆ ಏನಿದೆ?"

"ಏನೂ ಇಲ್ಲ. ಅದೇ ಹೇಳ್ತಿರೋದು ನಾನು! ನಿದ್ದೆಗಣ್ಣಲ್ಲಿ ಬರೆದಿದಾರೆ ನಿಮ್ಮ ತಂಗಿ. ನೋಟ್‌ಬುಕ್ಕೂ ತಪ್ಪು, ಆದೇಶವೂ ತಪ್ಪು. ಸಾಹೇಬರಿಗೆ ಇನ್ನೇನು ಬೇಕು?"

ಮೈಯೆಲ್ಲ ಉರಿದುಹೋಯಿತು. ಮೂರು ದಿನದಿಂದ ಇದೇ ಮಾತು. ಇವರ ವರದಿಯಲ್ಲೂ ಇದೇ ಮಾತು. ಅವಳ ಅಚ್ಚುಕಟ್ಟನ್ನೇ ಅವಳ ತಪ್ಪಿಗೆ ಸಾಕ್ಷಿ ಮಾಡಿ ಬರೆದಿದ್ದಾರೆ, ನಾಚಿಕೆಯಾಗಬೇಡವೇ?

"ನಿದ್ದೆಗಣ್ಣಲ್ಲಿ ಬರೆದೋರು ಒಂದು ಕಡೆ ತಪ್ತಾರೆ, ಎರಡು ಕಡೆ ತಪ್ತಾರೆ," ಎಂದೆ. "ಆ ಬೆಳಿಗ್ಗೆ ಯಾವ ಲೈನಲ್ಲಿ ಏನಿತ್ತು ಅಂತ ನಿಮ್ಮ ವರದಿಯಲ್ಲೇ ಪಟ್ಟಿ ಇದೆ. ಪಕ್ಕ ಇಟ್ಟು ನೋಡಿ. ಎಂಟರದ್ದು ಏಳರ ಮುಂದೆ ಬಂದಿದೆ. ಏಳರದ್ದು ಆರರ ಮುಂದೆ. ಆರರದ್ದು ಐದರ ಮುಂದೆ. ಹದಿನಾಲ್ಕರ 'ಮುಚ್ಚಿದೆ' ಹದಿಮೂರರ ಮುಂದೆ ಬಂದು ಕೂತಿದೆ. ಎಲ್ಲ ಹದಿಮೂರೂ ಒಂದೊಂದು ಸಾಲು ಮೇಲೆ! ನಿದ್ದೆ ಇಷ್ಟು ಅಚ್ಚುಕಟ್ಟಾಗಿ ಬರತ್ತೇನ್ರೀ ಯಾರಿಗಾದ್ರೂ?"

ಯಾರ್ಡ್ ಮಾಸ್ಟರ್ ಡಬ್ಬಿಯ ಮುಚ್ಚಳ ಹಾಕಿದರು.

"ಇನ್ನೊಂದು ನೋಡಿ. ಬೇರೆ ದಿನದ ಪುಟಗಳಲ್ಲಿ ಲೈನ್ ನಂಬರ್, ಎರಡು ಚುಕ್ಕೆ, ಒಂದು ಜಾಗ ಬಿಟ್ಟು ಆಮೇಲೆ ಪದ. ಸೋಮವಾರ ಮಾತ್ರ ಪದ ಚುಕ್ಕೆಗೆ ಅಂಟಿಕೊಂಡಿದೆ. ಎಲ್ಲ ಸಾಲಲ್ಲೂ. ಒಂದು ಸಾಲು ಮೇಲೆ, ಒಂದು ಮನೆ, ಅಂದ್ರೆ ಒಂದಕ್ಷರದ ಜಾಗ, ಎಡಕ್ಕೆ. ಅವಳು ಕಂಡಿದ್ದನ್ನೇ ಬರೆದಿದಾಳೆ. ಅವಳಿಗೆ ಸುಳ್ಳು ತೋರಿಸಿದ್ದು ನಿಮ್ಮ ಪರದೆ."

"ಪರದೆ ಯಾಕೆ ಸುಳ್ಳು ಹೇಳತ್ತೆ ಅಕ್ಕಾವ್ರೇ? ನೀವೇ ಕೂರಿಸಿದ ಪರದೆ. ಇಷ್ಟು ವರ್ಷದಿಂದ ಅದೇ ಇದೆ, ಅದೇ ಜಾಗದಲ್ಲಿದೆ."

ಕಿವಿಗೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ? ನಾನು ಎದ್ದು ನೇರವಾಗಿ ಕಂಟ್ರೋಲ್ ರೂಮಿಗೆ ನಡೆದೆ. ಅವರು "ಅಕ್ಕಾವ್ರೇ, ಅಕ್ಕಾವ್ರೇ" ಎನ್ನುತ್ತ ಹಿಂದೆಯೇ ಬಂದರು.

ಕಂಟ್ರೋಲ್ ರೂಮ್ ಎಂದರೆ ಮಹಡಿಯ ಮೇಲಿನ ಉದ್ದನೆಯ ಕೋಣೆ. ಒಂದು ಗೋಡೆ ಪೂರ್ತಿ ಗಾಜು. ಕೆಳಗೆ ಹಳಿಗಳು ಬಾಚಣಿಗೆಯ ಹಲ್ಲಿನಂತೆ ಚಾಚಿಕೊಂಡಿರುತ್ತವೆ. ಒಂಬತ್ತನೇ ಲೈನಿನಲ್ಲಿ ಕೆಂಪು ಬಣ್ಣದ ಎಣ್ಣೆ ಟ್ಯಾಂಕರುಗಳು ನಿಂತಿದ್ದವು. ಎಂಟರಲ್ಲಿ ಏನೂ ಇರಲಿಲ್ಲ. ಗಾಜಿನ ಮುಂದೆ ಎರಡು ಕುರ್ಚಿ, ಎರಡು ಟರ್ಮಿನಲ್, ಅಂದರೆ ಕೀಲಿಮಣೆ ಇರುವ ಪರದೆ. ನಿಯಮದ ಪ್ರಕಾರ ಒಬ್ಬರು ಆದೇಶ ಟೈಪ್ ಮಾಡಬೇಕು, ಪಕ್ಕದವರು ಗಾಜಿನಾಚೆ ಕಣ್ಣಾರೆ ನೋಡಿ ತಮ್ಮ ಪರದೆಯಲ್ಲಿ 'ಹೌದು' ಒತ್ತಬೇಕು. ಆಮೇಲಷ್ಟೇ ಆದೇಶ ಎಂಜಿನ್‌ಗೆ ಹೋಗುತ್ತದೆ. ಆ ಎರಡನೇ ಕುರ್ಚಿಯಲ್ಲಿ ಆರು ತಿಂಗಳಿಂದ ಯಾರೂ ಕೂತಿಲ್ಲ. ಆಳು ಕಡಿಮೆ ಮಾಡಿದರು. ಅಂದಿನಿಂದ ಎರಡನೇ 'ಹೌದು' ಒತ್ತಬೇಕಾದವರು ಯಾರ್ಡ್ ಮಾಸ್ಟರೇ, ತಮ್ಮ ಕೋಣೆಯಿಂದ ಎದ್ದು ಬಂದು.

ಮೊದಲನೇ ಕುರ್ಚಿಯಲ್ಲಿದ್ದ ಪಾಳಿಯವನು ನಮ್ಮ ಮುಖ ನೋಡಿದ. "ಟೀ ಕುಡ್ಕೊಂಡು ಬರ್ತೀನಿ" ಎಂದು ಗೊಣಗಿ ಜಾಗ ಖಾಲಿ ಮಾಡಿದ. ಬುದ್ಧಿವಂತ.

ನಾನು ಟರ್ಮಿನಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದೆ.

"ಏನಿದು?"

ಮೇಜಿನ ಮೇಲೆ ದೊಡ್ಡ ಚೌಕದ ಗುರುತು ಇತ್ತು. ಸುತ್ತಲಿನ ಮರ ಬಿಸಿಲಿಗೆ ಬಿಳಿಚಿಕೊಂಡಿದೆ, ಚೌಕದೊಳಗೆ ಮಾತ್ರ ಹೊಸ ಮೇಜಿನ ಬಣ್ಣ. ನನ್ನ ಕಾಲದ ಆ ಭಾರಿ ಹಳೇ ಡಬ್ಬ ಇಪ್ಪತ್ತು ವರ್ಷ ಕೂತು ಮೂಡಿಸಿದ ಗುರುತು. ಈಗ ಅಲ್ಲಿದ್ದ ಟರ್ಮಿನಲ್ಲಿನ ಬುಡ ಒಂದು ತಟ್ಟೆಯಷ್ಟು, ಅದೂ ದುಂಡಗೆ. ಅದರ ಬೆನ್ನಿಗೆ ಹಳೇ ಡಬ್ಬದ ನಂಬರ್ ಚೀಟಿಯನ್ನೇ ಅಂಟಿಸಿದ್ದರು. ಚೀಟಿಯ ಮೂಲೆಗಳು ಹರಿದಿದ್ದವು, ಎಲ್ಲಿಂದಲೋ ಕಿತ್ತು ತಂದದ್ದು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

"ಅದೇ ಪರದೆ, ಅದೇ ಜಾಗ ಅಂದ್ರಲ್ಲ! ನಾಲಿಗೆ ಹೇಗೆ ಹೊರಳ್ತು ನಿಮಗೆ? ಯಾವತ್ತು ಬದಲಾಯಿಸಿದ್ರಿ?"

"ಅದು... ಹಳೇದು ಆಗಾಗ ಕೈಕೊಡ್ತಿತ್ತು..."

"ಯಾವತ್ತು?"

"ಭಾನುವಾರ ಸಂಜೆ."

"ಸೋಮವಾರ ಬೆಳಿಗ್ಗೆ ಕಾಲು ಹೋಯ್ತು. ವರದಿಯಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಹಳೇ ಚೀಟಿ ಕಿತ್ತು ಹೊಸದಕ್ಕೆ ಅಂಟಿಸಿ ತಿಪ್ಪೆ ಸಾರಿಸಿಬಿಟ್ರಿ. ಒಬ್ಬ ಹೆಣ್ಣುಮಗಳ ಮೇಲೆ ಗೂಬೆ ಕೂರಿಸಿ ಆರಾಮಾಗಿ ಊಟಕ್ಕೆ ಕೂತ್ರಿ. ಅನ್ನ ಹೇಗೆ ಇಳಿಯತ್ತೆ ನಿಮ್ಮ ಗಂಟಲಲ್ಲಿ?"

ಅವರ ಮುಖ ಕೆಂಪಾಯಿತು. "ಮಾತು ಸ್ವಲ್ಪ ಹಿಡಿತದಲ್ಲಿರ್ಲಿ. ಅನುಮತಿ ಬರೋ ಮುಂಚೆ ಬದಲಾಯಿಸಿದ್ವಿ, ಅದಕ್ಕೆ ಬರೀಲಿಲ್ಲ. ಅಷ್ಟಕ್ಕೇ ಪರದೆ ಸುಳ್ಳು ಹೇಳ್ತು ಅಂತ ಆಗತ್ತಾ? ಹೊಸದು ಚೆನ್ನಾಗೇ ಕೆಲಸ ಮಾಡ್ತಿದೆ. ನೋಡಿ ಬೇಕಾದ್ರೆ."

"ನೋಡ್ತೀನಿ. ಕನ್ನಡಕದವ್ರನ್ನ ಕರೀರಿ."

ಕನ್ನಡಕದವರು ಎಂದರೆ ನನ್ನ ನಂತರ ಪರದೆಗಳ ಹೊಣೆ ಹೊತ್ತವರು. ನಾನೇ ಕೆಲಸ ಕಲಿಸಿದವರು. ಬಾಟಲಿಯ ತಳದಷ್ಟು ದಪ್ಪ ಗಾಜು ಹಾಕಿಕೊಂಡು, ಯಾರು ಏನೆಂದರೂ "ಆಗ್ಲಿ" ಎನ್ನುವ ಜೀವ. ಬಂದು ನಿಂತರು. ನನ್ನ ಮುಖ ನೋಡಲಿಲ್ಲ. ಅದು ನನಗೆ ಆಗಲೇ ವಿಚಿತ್ರವೆನಿಸಿತು.

"ಹಳೇ ಡಬ್ಬ ಸಾಲುಗಳನ್ನ ಎಲ್ಲಿಂದ ಎಣಿಸ್ತಿತ್ತು? ಮಾಸ್ಟ್ರಿಗೆ ಹೇಳಿ," ಎಂದೆ.

"ಸೊನ್ನೆಯಿಂದ."

"ಕಂಪ್ಯೂಟರ್?"

"ಅದೂ ಸೊನ್ನೆಯಿಂದಲೇ."

"ಈ ಹೊಸದು?"

"ಒಂದರಿಂದ."

ಯಾರ್ಡ್ ಮಾಸ್ಟರ್ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. "ಇದೇನು ಮಗ್ಗಿ ಪಾಠಾನಾ?"

"ಹೌದು, ಕೂತ್ಕೊಳ್ಳಿ, ಕಲೀರಿ. ಕೆಲವು ಕಟ್ಟಡದಲ್ಲಿ ನೆಲಮಟ್ಟನ್ನ ಸೊನ್ನೆ ಅಂತಾರೆ, ಕೆಲವು ಕಡೆ ಅದನ್ನೇ ಒಂದನೇ ಮಹಡಿ ಅಂತಾರೆ. 'ಮೂರನೇ ಮಹಡಿಗೆ ಬಾ' ಅಂತ ಒಬ್ಬರು ಕರೆದ್ರೆ ಇನ್ನೊಬ್ಬರು ಒಂದು ಮಹಡಿ ತಪ್ಪಿ ಬೇರೆಯವರ ಬಾಗಿಲು ತಟ್ತಾರೆ. ಇಲ್ಲೂ ಅದೇ ಕಥೆ. ಪರದೆಯ ಮೇಲೆ ಲೈನ್ ನಂಬರುಗಳು ಮೇಲಿಂದ ಕೆಳಗೆ ತಾವಾಗೇ ಒಂದರ ಕೆಳಗೊಂದು ಬರ್ತವೆ. ಅವು ತಪ್ಪಲ್ಲ. ಆದ್ರೆ 'ಖಾಲಿ', 'ತುಂಬಿದೆ' ಅನ್ನೋ ಪದಗಳನ್ನ ಇಡೋಕೆ ಕಂಪ್ಯೂಟರ್ ಕರ್ಸರನ್ನ ಇಂಥಾ ಸಾಲಿಗೆ, ಇಂಥಾ ಮನೆಗೆ ಹೋಗು ಅಂತ ಕಳಿಸತ್ತೆ. ಹೊಸ ಪರದೆಗೆ ಕಳಿಸೋವಾಗ ಒಂದು ಕೂಡಿಸಿ ಹೇಳ್ಬೇಕು. ಸೆಟ್ಟಿಂಗ್ ಕಡತದಲ್ಲಿ ಅದಕ್ಕೊಂದು ಗುರುತು ಇದೆ. ಒಂದು ಶೇಕಡಾ ಚಿಹ್ನೆ, ಪಕ್ಕದಲ್ಲೊಂದು ಸಣ್ಣ ಅಕ್ಷರ. ಅದು ಇಲ್ಲದಿದ್ರೆ ಎಲ್ಲ ಪದಗಳೂ ಒಂದು ಸಾಲು ಮೇಲೆ, ಒಂದು ಮನೆ ಎಡಕ್ಕೆ."

ಅವರು ತಂಗಿಯ ನೋಟ್‌ಬುಕ್ಕನ್ನು ಮತ್ತೆ ನೋಡಿದರು. ಈ ಸಲ ಬಹಳ ಹೊತ್ತು ನೋಡಿದರು.

"ಆ ಕಡತ ಟರ್ಮಿನಲ್‌ಗೆ ಒಂದೇ ಒಂದಲ್ಲ," ಎಂದೆ. "ಪ್ರತಿಯೊಬ್ಬರ ಲಾಗಿನ್‌ಗೂ ಬೇರೆ. ಕೂತೋರ ಹೆಸರಿನ ಹಿಂದೆ ಅವರವರ ಸೆಟ್ಟಿಂಗ್ ಬರತ್ತೆ. ನನ್ನ ತಂಗಿಯ ಕಡತದಿಂದ ಆ ಎರಡು ಅಕ್ಷರ ಯಾರೋ ಅಳಿಸಿದಾರೆ. ಯಾರು ಅಂತ ಈಗ ನೋಡೋಣ. ತೆಗೀರಿ ಕನ್ನಡಕದವ್ರೇ."

ನಿನ್ನೆ ಆಸ್ಪತ್ರೆಯಲ್ಲಿ ಗ್ರೀಸ್ ಮಾಮ ನನ್ನ ಕೈ ಹಿಡಿದುಕೊಂಡಿದ್ದ. ಮೂವತ್ತು ವರ್ಷ ಅವನ ಕೈಯಿಂದ ಗ್ರೀಸ್ ವಾಸನೆ ಹೋಗಿದ್ದನ್ನು ನಾನು ಕಂಡಿಲ್ಲ, ನಿನ್ನೆ ಬರೀ ಔಷಧದ ವಾಸನೆ. ಅವನು ಒಂದೇ ಮಾತು ಕೇಳಿದ. "ಅಕ್ಕಾ, ಯಾರ ತಪ್ಪು ಅಂತ ನಂಗೆ ಗೊತ್ತಾಗ್ಬೇಕು. ಸುಮ್ನೆ ಯಾರೋ ಒಬ್ಬರನ್ನ ತೋರಿಸಬೇಡಿ." ನನಗೆ ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಯಾರೇ ಆಗಿರ್ಲಿ ಮಾಮ, ರಟ್ಟೆ ಹಿಡಿದು ಎಳ್ಕೊಂಡು ಬಂದು ಸಾಹೇಬರ ಮುಂದೆ ನಿಲ್ಲಿಸ್ತೀನಿ," ಎಂದು ಮಾತು ಕೊಟ್ಟು ಬಂದಿದ್ದೆ.

ಕನ್ನಡಕದವರು ತಂಗಿಯ ಕಡತ ತೆರೆದರು. ನಾನು ಮೂಗು ಪರದೆಗೆ ತಾಗುವಷ್ಟು ಬಗ್ಗಿದೆ.

ಶೇಕಡಾ ಚಿಹ್ನೆ ಇತ್ತು. ಪಕ್ಕದ ಸಣ್ಣ ಅಕ್ಷರವೂ ಇತ್ತು. ಇರಬೇಕಾದ ಜಾಗದಲ್ಲೇ ಇತ್ತು.

"ಭಾನುವಾರ ಸಂಜೆ ಎಲ್ಲ ಪಾಳಿಯವರದ್ದೂ ನಾನೇ ಸರಿ ಮಾಡಿದ್ದೆ ಅಕ್ಕ," ಎಂದರು ಕನ್ನಡಕದವರು ಮೆಲ್ಲಗೆ. "ಆಮೇಲೆ ಯಾರೂ ಮುಟ್ಟಿಲ್ಲ. ತಾರೀಖು ನೋಡಿ."

ತಂಗಿಯ ಸೆಟ್ಟಿಂಗ್‌ನಲ್ಲೇ ಯಾರ್ಡ್ ಪಟ್ಟಿ ತೆರೆದು ತೋರಿಸಿದರು. ಒಂಬತ್ತು: ತುಂಬಿದೆ. ಎಂಟು: ಖಾಲಿ. ಗಾಜಿನಾಚೆ ನೋಡಿದೆ. ಕೆಂಪು ಟ್ಯಾಂಕರುಗಳು ಒಂಬತ್ತರಲ್ಲೇ ಇದ್ದವು. ಎಲ್ಲ ಸರಿಯಾಗಿತ್ತು.

ಯಾರ್ಡ್ ಮಾಸ್ಟರ್ ಉಸಿರು ಬಿಟ್ಟರು. "ಆಯ್ತಾ? ಇನ್ನಾದ್ರೂ ನನ್ನ ತಲೆ ತಿನ್ನೋದು ಬಿಡ್ತೀರಾ? ನಿಮ್ಮ ತಂಗಿ ಅವರ ಹೆಸರಲ್ಲೇ ಕೂತಿದ್ರು, ಅವರ ಪರದೆ ಸರಿಯಾಗೇ ತೋರಿಸ್ತು. ಮೂರು ಗಂಟೆಗೆ ಇದನ್ನೂ ಹೇಳ್ತೀನಿ, ನೀವೇ ಹುಡುಕಿಕೊಟ್ರಿ ಅಂತ."

ಬೆಂಬಲಕ್ಕೆ ತಂದ ಮಾತು ತಿರುಗಿ ನನ್ನ ತಂಗಿಯ ಕುತ್ತಿಗೆಗೇ ಬಂತಲ್ಲ! ನೋಟ್‌ಬುಕ್ ಸುಳ್ಳು ಹೇಳುತ್ತಿಲ್ಲ, ಕಡತವೂ ಸುಳ್ಳು ಹೇಳುತ್ತಿಲ್ಲ. ಎರಡೂ ನಿಜವಾಗಲು ದಾರಿ ಒಂದೇ ಒಂದು.

"ಅವಳ ಹೆಸರಲ್ಲೇ ಕೂತಿದ್ಲು ಅಂತ ನಿಮಗೆ ಹೇಗೆ ಗೊತ್ತು?"

"ಅಂದ್ರೆ?"

"ಸೋಮವಾರ ಈ ಪರದೆ ಬೇರೆ ಯಾರದೋ ಲಾಗಿನ್‌ನಲ್ಲಿ ತೆರೆದಿತ್ತು. ಆ ಗುರುತು ಇಲ್ಲದ ಲಾಗಿನ್. ಇವಳು ಬರೋ ಮುಂಚೆ ಯಾರೋ ಕೂತು ಹಾಗೇ ಬಿಟ್ಟು ಹೋಗಿದಾರೆ, ಪಾಪದ್ದು ಇವಳು ಬಂದು ಕೂತಿದಾಳೆ. ಯಾರು ಯಾವಾಗ ಒಳಗೆ ಬಂದ್ರು ಅನ್ನೋ ಪಟ್ಟಿ ಎಲ್ಲಿ?"

"ವರದಿ ಜೊತೆ ಕೊಟ್ಟಿದೀವಲ್ಲ."

ಚೀಲದಿಂದ ಆ ಹಾಳೆ ತೆಗೆದೆ. ಜೆರಾಕ್ಸ್ ಪ್ರತಿ. ಬೆಳಿಗ್ಗೆ ಎಂಟು ಐವತ್ತೇಳು, ಒಂದನೇ ಟರ್ಮಿನಲ್. ಎಡಗಡೆ, ಹೆಸರು ಇರಬೇಕಾದ ಜಾಗದಲ್ಲಿ ಕಾಗದದ ಅಂಚು ಕತ್ತರಿಸಿಹೋಗಿತ್ತು. ಅಲ್ಲಿ ಪೆನ್ನಿನಲ್ಲಿ ನನ್ನ ತಂಗಿಯ ಹೆಸರು ಬರೆದಿದ್ದರು. ಮೂರು ದಿನದಿಂದ ಈ ಹಾಳೆ ನನ್ನ ಚೀಲದಲ್ಲಿತ್ತು. ಜೆರಾಕ್ಸ್ ಅಂಗಡಿಯವನ ಬೇಜವಾಬ್ದಾರಿ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು!

"ಇದನ್ನ ಕತ್ತರಿಸಿದ್ದು ಯಾರು?"

ಯಾರ್ಡ್ ಮಾಸ್ಟರ್ ಗಾಜಿನಾಚೆ ನೋಡತೊಡಗಿದರು. ನನಗೆ ಎಲ್ಲ ಹೊಳೆದುಹೋಯಿತು, ಅಥವಾ ಹೊಳೆಯಿತು ಎಂದುಕೊಂಡೆ.

"ನೀವೇ! ನಿಮ್ಮ ಲಾಗಿನ್ ಅದು! ಎರಡನೇ ಹೌದು ಒತ್ತೋಕೆ ಇಲ್ಲಿವರೆಗೂ ನಡೆದು ಬರೋಕೆ ಸೋಮಾರಿತನ ಆಗಿ ನಿಮ್ಮ ಹೆಸರಲ್ಲೇ ಪರದೆ ತೆರೆದಿಟ್ಟು ಹೋಗಿದೀರಿ. ಆಮೇಲೆ ಹೆಸರು ಕತ್ತರಿಸಿ ಅವಳದ್ದು ಬರೆದಿದೀರಿ. ಒಬ್ಬ ಮನುಷ್ಯ ಕಾಲು ಕಳ್ಕೊಂಡು ಮಲಗಿದಾನೆ, ಒಬ್ಬಳು ಹೊರಗಡೆ ಬೆಂಚಿನ ಮೇಲೆ ನಡುಗ್ತಾ ಕೂತಿದಾಳೆ. ಮನುಷ್ಯರೇನ್ರೀ ನೀವು?"

ನನ್ನ ದನಿಗೆ ಗಾಜು ಅದುರಿತೇನೋ. ಕಾರಿಡಾರಿನಲ್ಲಿ ಯಾರೋ ಇಣುಕಿ ಹೋದರು.

"ಅಕ್ಕಾವ್ರೇ," ಎಂದರು ಯಾರ್ಡ್ ಮಾಸ್ಟರ್. ಇಷ್ಟು ಹೊತ್ತು ಇದ್ದ ಗತ್ತು ಅವರ ದನಿಯಲ್ಲಿ ಇರಲಿಲ್ಲ. "ಬಿಟ್ಟುಬಿಡಿ. ಪರದೆ ಬದಲಾಯಿಸಿದ ವಿಷಯ ನಾನೇ ಸಾಹೇಬರಿಗೆ ಹೇಳ್ತೀನಿ. ತಂಗಿಗೆ ಶಿಕ್ಷೆ ಕಡಿಮೆ ಆಗೋ ಹಾಗೆ ನೋಡ್ಕೋತೀನಿ. ಆ ಹೆಸರು ಕೇಳ್ಬೇಡಿ."

"ಬೆಣ್ಣೆ ಹಚ್ಚಬೇಡಿ ನಂಗೆ. ಕನ್ನಡಕದವ್ರೇ, ಮೂಲ ಪಟ್ಟಿ ತೆಗೀರಿ."

ಕನ್ನಡಕದವರು ಕದಲಲಿಲ್ಲ.

"ನಾನು ಕಲಿಸಿದ ಕೆಲಸ ಅದು. ತೆಗೀತೀರೋ, ನಾನೇ ತೆಗೀಲೋ?"

"ಅಕ್ಕ, ಬೇಡ ಅಕ್ಕ."

"ತೆಗೀರಿ!"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಟೈಪ್ ಮಾಡಿದರು. ಸೋಮವಾರದ ಪಟ್ಟಿ ಸಾಲುಸಾಲಾಗಿ ಮೂಡಿತು. ಎಂಟು ಐವತ್ತೇಳು, ಒಂದನೇ ಟರ್ಮಿನಲ್. ಎಡಗಡೆ ಹೆಸರು.

ನನ್ನ ಹೆಸರು.

ಎರಡು ವರ್ಷದ ಹಿಂದೆ ನಿವೃತ್ತಿಯಾದ ನನ್ನ ಲಾಗಿನ್. ಭಾನುವಾರವೂ ಇತ್ತು. ಶನಿವಾರವೂ ಇತ್ತು. ಕನ್ನಡಕದವರು ಪುಟ ಹಿಂದೆ ಹಿಂದೆ ಸರಿಸುತ್ತ ಹೋದರು. ಆರು ತಿಂಗಳು, ಪ್ರತಿ ಬೆಳಗಿನ ಪಾಳಿಯಲ್ಲೂ, ಒಂದನೇ ಟರ್ಮಿನಲ್‌ನಲ್ಲಿ ನಾನೇ ಕೂತಿದ್ದೆ.

"ಸುಳ್ಳು," ಎಂದೆ.

ಕುರ್ಚಿ ಎಳೆದುಕೊಂಡು ಕೂತೆ. ನನ್ನ ಹೆಸರು ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳಿತು. ಬೆರಳುಗಳು ತಾವಾಗೇ ಓಡಿದವು. ಒಳಗೆ ಬಿಟ್ಟಿತು.

ಯಾರ್ಡ್ ಪಟ್ಟಿ ತೆರೆಯಿತು. ಒಂಬತ್ತು: ಖಾಲಿ. ಎಂಟು: ತುಂಬಿದೆ. ಪದಗಳೆಲ್ಲ ಎರಡು ಚುಕ್ಕೆಗೆ ಅಂಟಿಕೊಂಡಿದ್ದವು. ಹದಿಮೂರು ಮುಚ್ಚಿತ್ತು, ಹದಿನಾಲ್ಕರ ಮುಂದೆ ಏನೂ ಇರಲಿಲ್ಲ. ಗಾಜಿನಾಚೆ ಕೆಂಪು ಟ್ಯಾಂಕರುಗಳು ಒಂಬತ್ತರಲ್ಲೇ ಬಿಸಿಲು ಕಾಯುತ್ತಿದ್ದವು.

ನನ್ನ ಸೆಟ್ಟಿಂಗ್ ಕಡತ ತೆರೆದೆ. ಕರ್ಸರಿನ ಸಾಲಿನಲ್ಲಿ ಆ ಗುರುತು ಇರಲಿಲ್ಲ. ಅದರ ಮೇಲೆ ಒಂದು ಟಿಪ್ಪಣಿ ಇತ್ತು. 'ಇದು ಹಳೇ ಡಬ್ಬಕ್ಕೆ ಮಾತ್ರ. ಕೂಡಿಸುವ ಗುರುತು ನಾನೇ ತೆಗೆದಿದ್ದೇನೆ. ನನ್ನನ್ನು ಕೇಳದೆ ಯಾರೂ ಮುಟ್ಟಕೂಡದು.' ಹದಿನೇಳು ವರ್ಷದ ಹಿಂದೆ ನಾನೇ ಬರೆದದ್ದು. ಎಷ್ಟು ಗತ್ತಿನಿಂದ ಬರೆದಿದ್ದೆ!

"ಭಾನುವಾರ ಎಲ್ಲರದ್ದೂ ಸರಿ ಮಾಡ್ದೆ," ಎಂದರು ಕನ್ನಡಕದವರು. "ನಿಮ್ಮದು ಬಳಕೆಯಲ್ಲಿದೆ ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ. ಗೊತ್ತಿದ್ರೂ... ಮುಟ್ಟಕೂಡದು ಅಂತ ನೀವೇ ಬರೆದಿದ್ರಿ."

"ನನ್ನ ಲಾಗಿನ್ ಯಾಕೆ?" ಎಂದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ಎರಡನೇ ಹೌದು ಬೇಕಾಗಲ್ಲ ಅದಕ್ಕೆ," ಎಂದರು ಯಾರ್ಡ್ ಮಾಸ್ಟರ್.

ಹೌದು. ಬೇಕಾಗುವುದಿಲ್ಲ. ಪರದೆ ಪರೀಕ್ಷಿಸುವಾಗ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲವೆಂದು ನನ್ನ ಹೆಸರಿಗೆ ಮಾತ್ರ ನಾನೇ ಆ ವಿನಾಯಿತಿ ಮಾಡಿಕೊಂಡಿದ್ದೆ. ಬೀಳ್ಕೊಡುಗೆಯ ದಿನ ಕನ್ನಡಕದವರು "ಅಕ್ಕ, ನಿಮ್ಮ ಲಾಗಿನ್ ಮುಚ್ಚಲಾ?" ಎಂದು ಕೇಳಿದ್ದರು. "ಇರ್ಲಿ ಬಿಡ್ರೀ, ನೀವೆಲ್ಲ ಎಡವಟ್ಟು ಮಾಡ್ಕೊಂಡ ದಿನ ನಾನೇ ಬರ್ಬೇಕಾಗತ್ತೆ," ಎಂದು ನಕ್ಕಿದ್ದೆ. ಎಲ್ಲರೂ ನಕ್ಕಿದ್ದರು.

"ಕುರ್ಚಿ ಖಾಲಿ ಮಾಡಿದ್ರು, ಗಾಡಿ ಮಾತ್ರ ಒಂದು ನಿಮಿಷ ತಡ ಆಗ್ಬಾರ್ದು ಅಂದ್ರು," ಎಂದರು ಯಾರ್ಡ್ ಮಾಸ್ಟರ್. "ದಿನಕ್ಕೆ ಅರವತ್ತು ಸಲ ನಾನು ಎದ್ದು ಬರೋದು ಸಾಧ್ಯ ಇತ್ತಾ? ಅದು ತಪ್ಪೇ, ಒಪ್ಕೋತೀನಿ. ಜಾಣಕುರುಡನಾದೆ. ಆದ್ರೆ ಹೆಸರು ಕತ್ತರಿಸಿದ್ದು ನನ್ನನ್ನ ಉಳಿಸಿಕೊಳ್ಳೋಕೆ ಮಾತ್ರ ಅಲ್ಲ. ಮೂಲ ಹಾಳೆ ಕೊಟ್ಟಿದ್ರೆ ಈ ಹೊತ್ತು ಬೆಂಚಿನ ಮೇಲೆ ಕೂತಿರ್ತಿದ್ದವರು ನೀವು."

"ನನ್ನ ಪಾಸ್‌ವರ್ಡ್ ನಿಮಗೆ ಕೊಟ್ಟಿದ್ದು ಯಾರು?"

ಅವರು ಬಾಗಿಲ ಕಡೆ ನೋಡಿದರು. ಹೇಳಬೇಕಾಗಿಯೂ ಇರಲಿಲ್ಲ.

ನನ್ನ ಪಾಸ್‌ವರ್ಡ್ 'ಗುಬ್ಬಿಮರಿ'. ಅಮ್ಮ ತೀರಿಕೊಂಡ ವರ್ಷ ಅನ್ನ ಬಿಟ್ಟು ಒಣಗಿಹೋಗಿದ್ದ ಮಗುವನ್ನು ಹಾಗೆ ಕರೆದು ಕರೆದು ಉಣ್ಣಿಸುತ್ತಿದ್ದೆ. ಈ ಭೂಮಿಯ ಮೇಲೆ ಆ ಹೆಸರು ಇಬ್ಬರಿಗೆ ಗೊತ್ತು. ಬೀಳ್ಕೊಡುಗೆಯ ದಿನ ಮನೆಗೆ ಬಂದು, ಇಷ್ಟು ವರ್ಷ ದಿನಾ ನಿನ್ನನ್ನೇ ಕರೆದು ಕೆಲಸ ಶುರು ಮಾಡ್ತಿದ್ದೆ ಕಣೇ ಎಂದು ಅವಳಿಗೇ ಹೇಳಿದ್ದೆ. ಅವಳು ಅತ್ತಿದ್ದಳು.

ಮೂರು ದಿನದ ಹಿಂದೆ ಅದೇ ಗುಬ್ಬಿಮರಿ ನನ್ನೆದುರು ಕೂತು, ಮಗನ ತಲೆಯ ಮೇಲೆ ಕೈಯಿಟ್ಟು, "ಅಕ್ಕ, ನಾನು ನನ್ನ ಹೆಸರಲ್ಲೇ ಕೂತಿದ್ದೆ, ಆಣೆಗೂ" ಎಂದಿದ್ದಳು. ಆ ಆಣೆಯ ಬಲದ ಮೇಲೆ ನಾನು ಊರೆಲ್ಲ ಹಾರಾಡಿದ್ದೆ.

ಸಿಟ್ಟು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ಅಷ್ಟು ಸಿಟ್ಟು ಉಳಿದೇ ಇತ್ತು.

ಬಾಗಿಲ ಸದ್ದಾಯಿತು. ತಂಗಿ ನಿಂತಿದ್ದಳು. ಅಳುತ್ತಿದ್ದ ಕಣ್ಣು ಒರೆಸಿಕೊಂಡು ಬಂದಿದ್ದಳು.

"ಅಕ್ಕ, ಏನಾದ್ರೂ ಸಿಕ್ತಾ?"

ಅವಳ ಕಣ್ಣು ನನ್ನ ಮುಖದಿಂದ ಪರದೆಗೆ ಹೋಯಿತು. ಅಲ್ಲಿ ಮೂಲೆಯಲ್ಲಿ ನನ್ನ ಹೆಸರಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಷ್ಟು ಸಾಕಾಯಿತು ನನಗೆ.

"ಅಕ್ಕ, ನಿನ್ನ ಹೆಸರು ಬರಬಾರ್ದು ಅಂತ..." ಎಂದಳು. "ಅದಕ್ಕೇ ಸುಳ್ಳು ಹೇಳ್ದೆ. ಜೈಲಿಗೆ ಹೋದ್ರೆ ನಾನೇ ಹೋಗ್ತೀನಿ ಅಂತ..."

"ಬಾಯಿ ಮುಚ್ಚು," ಎಂದೆ. ಅವಳ ಮೇಲೆ ನಾನು ಹಾಗೆ ರೇಗಿದ್ದು ಅದೇ ಮೊದಲು.

ಪ್ರಿಂಟರ್ ಒಮ್ಮೆ ಗುರ್ ಎಂದಿತು. ಪಟ್ಟಿಯ ಮೂಲ ಹಾಳೆ, ಎಡ ಅಂಚು ಪೂರ್ತಿ ಇದ್ದದ್ದು, ತಟ್ಟೆಗೆ ಬಂದು ಬಿತ್ತು. ಯಾವಾಗ ಒತ್ತಿದೆನೋ ನನಗೇ ಗೊತ್ತಿರಲಿಲ್ಲ. ಅದು ಸಾಹೇಬರ ಕೈ ಸೇರಿದರೆ ಪರದೆ ಸುಳ್ಳು ಹೇಳಿತೆಂದು ಸಾಬೀತಾಗಿ ತಂಗಿ ಉಳಿಯುತ್ತಾಳೆ. ಆ ಸುಳ್ಳಿಗೆ ಒಡತಿ ಯಾರೆಂದೂ ಸಾಬೀತಾಗುತ್ತದೆ. ಹರಿದು ಬಿಸಾಕಿದರೆ ನಾನು ಮನೆಗೆ ಹೋಗುತ್ತೇನೆ, ಅವಳು ಪೊಲೀಸರ ಜೊತೆ ಹೋಗುತ್ತಾಳೆ.

ಯಾರೇ ಆಗಿರಲಿ, ರಟ್ಟೆ ಹಿಡಿದು ಎಳೆದು ತರುತ್ತೇನೆ ಎಂದಿದ್ದೆ ಗ್ರೀಸ್ ಮಾಮನಿಗೆ.

ಕಾರಿಡಾರಿನಲ್ಲಿ ಚಪ್ಪಲಿ ಸದ್ದು ಹತ್ತಿರವಾಯಿತು. ವಿಚಾರಣೆಯ ಕೋಣೆಯ ಜವಾನ ತಂಗಿಯ ಹೆಗಲ ಮೇಲಿಂದ ಇಣುಕಿದ.

"ಸಾಹೇಬ್ರು ಬೇಗ ಬಂದಿದಾರೆ, ಈಗಲೇ ಶುರು ಮಾಡ್ತಾರಂತೆ," ಎಂದ. "ಮೊದಲು ಯಾರು ಬರ್ತೀರಿ, ಅಕ್ಕನೋ ತಂಗಿಯೋ?"